ಉಸಿರಾಟದ ಯಜಮಾನನಾರು?

‘ಉಸಿರು’ ಎಂಬ ಒಂದೇ ಮಾತಿನಲ್ಲಿ ನಮ್ಮ ನುಡಿ ಶ್ವಾಸವನ್ನೂ ಜೀವವನ್ನೂ ಕೂಡಿಸಿ ಹೇಳುತ್ತದೆ. ಉಸಿರಿರುವ ತನಕ ಎಂದರೆ ಬದುಕಿರುವ ತನಕ. ಉಸಿರು ನಿಂತಿತೆಂದರೆ ಜೀವ ಹೋಯಿತೆಂದೇ ಅರ್ಥ. ನಮಗೆ ಇಷ್ಟು ಹತ್ತಿರದ್ದಾದ ಈ ಕ್ರಿಯೆಯನ್ನು ಕುರಿತು ಶಾಲೆಗಳಲ್ಲಿ ಕಲಿಸುವುದಾದರೂ ಏನು? ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಬಂದ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ ನೋಡಬಹುದು. “ಒಳ್ಳೆಯ ಗಾಳಿಯಾದ ಆಮ್ಲಜನಕವನ್ನು ಒಳಕ್ಕೆ ತೆಗೆದುಕೊಳ್ಳುತ್ತೇವೆ; ಕೆಟ್ಟ ಗಾಳಿಯಾದ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ಬಿಡುತ್ತೇವೆ. ಮಲಿನ ರಕ್ತವು ಶ್ವಾಸಕೋಶದಲ್ಲಿ ಶುದ್ಧವಾಗಿ ಹೃದಯಕ್ಕೆ ಮರಳುತ್ತದೆ” ಎಂಬ ಉತ್ತರ ತಡೆಯಿಲ್ಲದೆ ಬರುತ್ತದೆ. “ದೇಹಕ್ಕೆ ಆಮ್ಲಜನಕ ಸಾಲದೆ ಹೋದಾಗ ಉಸಿರುಗಟ್ಟಿದಂತಾಗಿ ನಮಗೆ ಅದು ತಿಳಿದೇ ತಿಳಿಯುತ್ತದೆಯೆ?” ಎಂದು ಮುಂದಕ್ಕೆ ಕೇಳಿದರೆ, “ಹೌದು, ತಿಳಿಯದೆ ಏನು?” ಎಂಬ ಉತ್ತರವೂ ಅಷ್ಟೇ ಬೇಗ ಬರುತ್ತದೆ.

ಮೊದಲನೆಯ ಉತ್ತರ ಅರ್ಧ ಸತ್ಯ, ಎರಡನೆಯದು ತಪ್ಪು. ಅರ್ಧ ಸತ್ಯಕ್ಕೆ ಪರೀಕ್ಷೆಯಲ್ಲಿ ಅಂಕಗಳು ದೊರೆಯುತ್ತವೆ. ಆದರೆ ಅದರಿಂದಲೇ ಹುಟ್ಟಿಕೊಳ್ಳುವ ಎರಡನೆಯ ತಪ್ಪು ಬಾವಿಗಳಲ್ಲಿ, ಹಗೇವುಗಳಲ್ಲಿ, ಮಲಗುಂಡಿಗಳಲ್ಲಿ, ಈಜುಕೊಳಗಳಲ್ಲಿ ಆರೋಗ್ಯವಂತರಾದ ತರುಣರ ಪ್ರಾಣವನ್ನು ತೆಗೆಯುತ್ತದೆ. ಉಸಿರಾಟದ ಪಾಠವನ್ನು ಒಳ್ಳೆಯ ಗಾಳಿ, ಕೆಟ್ಟ ಗಾಳಿ ಎಂಬ ನೀತಿಕಥೆಯಂತೆ ಹೇಳುವುದನ್ನು ಬಿಟ್ಟು, ಭೌತಶಾಸ್ತ್ರದ ಒಂದು ಸರಳ ನಿಯಮದ ಮೇಲೆ ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ. ಹಾಗೆ ಕಟ್ಟಿದರೆ ಪಾಠವು ಹೆಚ್ಚು ಕಠಿಣವಾಗುವುದಿಲ್ಲ, ಹೆಚ್ಚು ಉಪಯುಕ್ತವಾಗುತ್ತದೆ. ಇದನ್ನು ಈಗ ವಿವರಿಸಲು ಯತ್ನಿಸುತ್ತೇವೆ.

ಗೋಲಿಸೋಡದ ಸೀಸೆಯನ್ನು ತೆರೆದೊಡನೆ ದ್ರವದೊಳಗಿನಿಂದ ಗುಳ್ಳೆಗಳು ಭುಗಿಲೆಂದು ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಸೀಸೆಯ ಒಳಗಿದ್ದ ಇಂಗಾಲಾಮ್ಲವಾಯುವಿನ (ಪಠ್ಯಪುಸ್ತಕಗಳ ಇಂಗಾಲದ ಡೈಆಕ್ಸೈಡಿಗೆ ಹಿಂದಿನವರು ಇಟ್ಟ ಹೆಸರು ಇದು) ಒತ್ತಡ ಹೊರಗಣ ಗಾಳಿಯಲ್ಲಿರುವ ಅದೇ ವಾಯುವಿನ ಒತ್ತಡಕ್ಕಿಂತ ಬಹಳ ಹೆಚ್ಚು. ಆದುದರಿಂದ ಅದು ಹೊರಕ್ಕೆ ಹರಿಯುತ್ತದೆ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, ಅನಿಲವು ಹೆಚ್ಚು ಒತ್ತಡವಿರುವ ಕಡೆಯಿಂದ ಕಡಿಮೆ ಒತ್ತಡವಿರುವ ಕಡೆಗೆ ಹರಿಯುತ್ತದೆ. ಹಲವು ಅನಿಲಗಳು ಬೆರೆತಿರುವಲ್ಲಿ ಪ್ರತಿಯೊಂದು ಅನಿಲವೂ ತನ್ನ ಪಾಲಿನ ಒತ್ತಡವನ್ನು ಮಾತ್ರ ನೋಡಿಕೊಳ್ಳುತ್ತದೆ. ಉಳಿದವುಗಳ ಗೊಡವೆ ಅದಕ್ಕಿಲ್ಲ. ಈ ಪಾಲಿನ ಒತ್ತಡಕ್ಕೇ ಆಂಶಿಕ ಒತ್ತಡವೆಂದು ಹೆಸರು. ಉಸಿರಾಟದಲ್ಲಿ ನಡೆಯುವ ಅನಿಲ ವಿನಿಮಯವೆಲ್ಲವೂ ಈ ಒಂದು ನಿಯಮದ ವಿಸ್ತರಣೆ.

ಲೆಕ್ಕವನ್ನು ನೋಡೋಣ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ 760 ಮಿಲಿಮೀಟರು ಪಾದರಸ. ಅದರಲ್ಲಿ ಆಮ್ಲಜನಕದ ಪಾಲು ಶೇಕಡ 21. ಎಂದರೆ ಸುಮಾರು 160 ಮಿ.ಮೀ. ಮೂಗು ಗಂಟಲುಗಳಲ್ಲಿ ಗಾಳಿ ಬೆಚ್ಚಗಾಗಿ, ನೀರಾವಿ ಸೇರಿ, ಒಳಗೆ ಉಳಿದಿದ್ದ ಗಾಳಿಯೊಡನೆ ಬೆರೆತು ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳನ್ನು ತಲಪುವಾಗ ಈ 160 ಎಂಬುದು 100ಕ್ಕೆ ಇಳಿದಿರುತ್ತದೆ. ಅಲ್ಲಿಗೆ ಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡ 40. ಆದುದರಿಂದ ಆಮ್ಲಜನಕ ಗೂಡಿನಿಂದ ರಕ್ತಕ್ಕೆ ಇಳಿಯುತ್ತದೆ. ಇಂಗಾಲಾಮ್ಲವಾಯುವಿನ ಒತ್ತಡ ಆ ರಕ್ತದಲ್ಲಿ 46, ಗೂಡಿನಲ್ಲಿ 40. ಅದು ರಕ್ತದಿಂದ ಗೂಡಿಗೆ ಬರುತ್ತದೆ. ಕೇವಲ ಆರು ಮಿಲಿಮೀಟರಿನ ಇಳಿಜಾರು ಅದಕ್ಕೆ ಸಾಕು. ಏಕೆಂದರೆ ದೇಹದ ಪೊರೆಗಳ ಮೂಲಕ ಅದು ಆಮ್ಲಜನಕಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ಹಾಯುತ್ತದೆ. ಗೂಡಿಗೂ ರಕ್ತಕ್ಕೂ ನಡುವಿನ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಅಂತಹ ಗೂಡುಗಳು ಮೂವತ್ತು ಕೋಟಿಗೂ ಹೆಚ್ಚು. ಲೋಮನಾಳದಲ್ಲಿ ರಕ್ತಕಣವೊಂದು ಗೂಡಿನ ಪಕ್ಕದಲ್ಲಿರುವುದು ಮುಕ್ಕಾಲು ಸೆಕೆಂಡಿನಷ್ಟು ಕಾಲ ಮಾತ್ರ. ಆದರೂ ಕೊಡುಕೊಳ್ಳುವಿಕೆ ಅಷ್ಟರೊಳಗೆ ಮುಗಿದಿರುತ್ತದೆ.

ಈ ನಿಯಮವನ್ನು ವಿಜ್ಞಾನಿಗಳೂ ವಾದವಿಲ್ಲದೆ ಒಪ್ಪಿಕೊಂಡವರಲ್ಲ. ಪರಮಾಣುವಿನ ಮಾದರಿಯ ಮೂಲಕ ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ನೀಲ್ಸ್ ಬೋರರ ತಂದೆ ಕ್ರಿಶ್ಚಿಯನ್ ಬೋರ್ ಅವರು ಕೋಪನ್‌ಹೇಗನ್ನಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಶ್ವಾಸಕೋಶವು ಗ್ರಂಥಿಯಂತೆ ಕೆಲಸಮಾಡಿ ಆಮ್ಲಜನಕವನ್ನು ರಕ್ತದೊಳಕ್ಕೆ ತಾನೇ ನೂಕುತ್ತದೆಂದು ಅವರು ನಂಬಿದ್ದರು. ಅವರ ಶಿಷ್ಯರಾದ ಆಗಸ್ಟ್ ಕ್ರೋಗ್ ಮತ್ತು ಕ್ರೋಗರ ಪತ್ನಿ ಮರೀ ಕ್ರೋಗ್ ಸೂಕ್ಷ್ಮ ಅಳತೆಗಳನ್ನು ಮಾಡಿ, 1910ರಲ್ಲಿ ಸಾಲಾಗಿ ಪ್ರಕಟಿಸಿದ ಪ್ರಬಂಧಗಳಲ್ಲಿ, ನೂಕುವವರಾರೂ ಬೇಕಿಲ್ಲ, ಒತ್ತಡದ ವ್ಯತ್ಯಾಸವೊಂದೇ ಸಾಕು ಎಂದು ತೋರಿಸಿಕೊಟ್ಟರು. ಗುರುವಿನ ಮತವನ್ನು ಶಿಷ್ಯರು ಅಳತೆಗೋಲಿನಿಂದ ತಿದ್ದಿದ ಈ ಪ್ರಸಂಗ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದದ್ದು. ಶ್ವಾಸಕೋಶಕ್ಕೆ ಸ್ವಂತ ಇಚ್ಛೆಯಿಲ್ಲ. ಅದು ಬಾಗಿಲು ಮಾತ್ರ. ಇಳಿಜಾರು ತಿರುಗಿದರೆ ಹರಿವೂ ತಿರುಗುತ್ತದೆ. ಈ ಕೊನೆಯ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಇನ್ನು ಸಾಗಣೆಯ ವಿಷಯ. ನೂರು ಮಿಲಿಲೀಟರು ರಕ್ತದ ದ್ರವಭಾಗದಲ್ಲಿ ಕರಗಿ ನಿಲ್ಲಬಲ್ಲ ಆಮ್ಲಜನಕ 0.3 ಮಿಲಿಲೀಟರು ಮಾತ್ರ. ಅಷ್ಟನ್ನೇ ನಂಬಿದ್ದರೆ ಮನುಷ್ಯನು ಎದ್ದು ನಿಲ್ಲುವುದೂ ಸಾಧ್ಯವಾಗುತ್ತಿರಲಿಲ್ಲ. ರಕ್ತಕಣಗಳಲ್ಲಿರುವ ಹೀಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತು ಅದೇ ನೂರು ಮಿಲಿಲೀಟರಿನಲ್ಲಿ ಸುಮಾರು 20 ಮಿಲಿಲೀಟರು ಆಮ್ಲಜನಕವನ್ನು ಹೊರುತ್ತದೆ. ಇದರ ಗುಣ ವಿಚಿತ್ರವಾದದ್ದು. ಒತ್ತಡ 100 ಇರುವಾಗ ಅದು ಶೇಕಡ 97ರಷ್ಟು ತುಂಬಿರುತ್ತದೆ. ಒತ್ತಡ 60ಕ್ಕೆ ಇಳಿದರೂ ಶೇಕಡ 90ರಷ್ಟು ತುಂಬಿಯೇ ಇರುತ್ತದೆ. ಅಲ್ಲಿಂದ ಕೆಳಗೆ ಮಾತ್ರ ಹೊರೆಯನ್ನು ಬೇಗಬೇಗನೆ ಇಳಿಸತೊಡಗುತ್ತದೆ. ಗಾಳಿ ಸ್ವಲ್ಪ ತೆಳುವಾದರೂ ತುಂಬಿಕೊಳ್ಳುವುದು, ಅಗತ್ಯವಿರುವ ಕಡೆ ಧಾರಾಳವಾಗಿ ಕೊಡುವುದು — ಸಾಗಣೆಯವನಿಗೆ ಇದಕ್ಕಿಂತ ಉತ್ತಮ ಗುಣ ಯಾವುದಿದೆ?

ಅಗತ್ಯವಿರುವುದು ಎಲ್ಲಿ ಎಂದು ಹೀಮೋಗ್ಲೋಬಿನ್ನಿಗೆ ತಿಳಿಯುವುದು ಹೇಗೆ? ಇಲ್ಲಿಯೇ ‘ಕೆಟ್ಟ ಗಾಳಿ’ಯ ಮೊದಲನೆಯ ಉಪಕಾರ ಕಾಣುತ್ತದೆ. ದುಡಿಯುತ್ತಿರುವ ಸ್ನಾಯುವಿನಲ್ಲಿ ಇಂಗಾಲಾಮ್ಲವಾಯು ಹೆಚ್ಚಾಗಿ ಹುಟ್ಟುತ್ತದೆ. ಅದು ಹೆಚ್ಚಿರುವಲ್ಲಿ ಹೀಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಸಡಿಲಿಸಿ ಕೊಡುತ್ತದೆ. 1904ರಲ್ಲಿ ಇದನ್ನು ಕಂಡುಹಿಡಿದವರು ಅದೇ ಕ್ರಿಶ್ಚಿಯನ್ ಬೋರ್ ಮತ್ತು ಅವರ ಸಂಗಡಿಗರು. ಈ ಗುಣಕ್ಕೆ ಇಂದಿಗೂ ಬೋರ್ ಪರಿಣಾಮವೆಂದೇ ಹೆಸರು. ಯಾವುದನ್ನು ಕಸವೆಂದು ಬೈಯುತ್ತೇವೆಯೋ ಅದೇ, ಆಮ್ಲಜನಕವನ್ನು ಎಲ್ಲಿ ಇಳಿಸಬೇಕೆಂದು ತೋರಿಸುವ ಕೈಗಂಬ.

ಇಂಗಾಲಾಮ್ಲವಾಯುವಾದರೋ ಬಹುಮಟ್ಟಿಗೆ ವೇಷ ಬದಲಿಸಿಕೊಂಡು ಪ್ರಯಾಣಮಾಡುತ್ತದೆ. ರಕ್ತಕಣದೊಳಗಿನ ಒಂದು ಕಿಣ್ವದ ನೆರವಿನಿಂದ ಅದು ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗಿ, ಅದು ಒಡೆದು ಬೈಕಾರ್ಬನೇಟ್ ಆಗುತ್ತದೆ. ಸುಮಾರು ಶೇಕಡ 70ರಷ್ಟು ಈ ರೂಪದಲ್ಲಿಯೇ ಸಾಗುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಹೀಮೋಗ್ಲೋಬಿನ್ನಿಗೆ ಅಂಟಿಕೊಂಡೂ, ಅಲ್ಪ ಪಾಲು ಹಾಗೆಯೇ ಕರಗಿಯೂ ಬರುತ್ತದೆ. ರಕ್ತದ ಆಮ್ಲ-ಕ್ಷಾರಗಳ ಸಮತೋಲವನ್ನು ಕಾಯುವುದರಲ್ಲಿ ಈ ಬೈಕಾರ್ಬನೇಟಿನ ಪಾತ್ರ ಬಹು ದೊಡ್ಡದು.

ಈಗ ‘ಶುದ್ಧ ರಕ್ತ’, ‘ಮಲಿನ ರಕ್ತ’ ಎಂಬ ಮಾತುಗಳನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಶುದ್ಧವೆನ್ನಿಸಿಕೊಂಡ ನೂರು ಮಿಲಿಲೀಟರು ರಕ್ತದಲ್ಲಿ ಆಮ್ಲಜನಕ ಸುಮಾರು 20 ಮಿಲಿಲೀಟರು, ಇಂಗಾಲಾಮ್ಲವಾಯು ಸುಮಾರು 48. ಮಲಿನವೆನ್ನಿಸಿಕೊಂಡ ರಕ್ತದಲ್ಲಿ ಆಮ್ಲಜನಕ 15, ಇಂಗಾಲಾಮ್ಲವಾಯು 52. ಎಂದರೆ ಶುದ್ಧ ರಕ್ತದಲ್ಲಿಯೇ ಆಮ್ಲಜನಕಕ್ಕಿಂತ ಇಂಗಾಲಾಮ್ಲವಾಯು ಎರಡು ಪಟ್ಟಿಗೂ ಹೆಚ್ಚು. ಮಲಿನ ರಕ್ತದಲ್ಲಿಯೂ ಆಮ್ಲಜನಕದ ಮುಕ್ಕಾಲು ಪಾಲು ಉಳಿದಿರುತ್ತದೆ. ಶುದ್ಧಿಯೆಲ್ಲಿ, ಮೈಲಿಗೆಯೆಲ್ಲಿ? ಕೊಳೆ ತೊಳೆದಂತೆ ಇಂಗಾಲಾಮ್ಲವಾಯುವನ್ನೆಲ್ಲ ತೊಳೆದುಬಿಡುವುದು ಶ್ವಾಸಕೋಶದ ಕೆಲಸವೇ ಅಲ್ಲ. ಬೇಕಾದಷ್ಟನ್ನು ಉಳಿಸಿಕೊಂಡು ಹೆಚ್ಚಾದುದನ್ನು ಮಾತ್ರ ಹೊರಗೆ ಬಿಡುವುದು ಅದರ ಕೆಲಸ. ಹೆಸರಿನಲ್ಲೇನಿದೆ ಎನ್ನುವವರುಂಟು. ಮಡಿ ಮೈಲಿಗೆಗಳ ಭಾವನೆ ರಕ್ತಗತವಾಗಿರುವ ಸಮಾಜದಲ್ಲಿ ಹೆಸರು ಮನಸ್ಸನ್ನು ಬಲುದೂರ ಎಳೆದುಕೊಂಡು ಹೋಗುತ್ತದೆಂಬುದು ನಮ್ಮ ಉತ್ತರ. ‘ಆಮ್ಲಜನಕ ಹೆಚ್ಚಿರುವ ರಕ್ತ’, ‘ಆಮ್ಲಜನಕ ಕಡಿಮೆಯಿರುವ ರಕ್ತ’ ಎಂದರೆ ಮಾತು ನಾಲ್ಕಕ್ಷರ ಉದ್ದವಾದೀತು, ಅರ್ಥ ನೇರವಾಗುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ. ನಿದ್ದೆಯಲ್ಲಿಯೂ ನಿಲ್ಲದೆ, ಓಡುವಾಗ ಹೆಚ್ಚಿ, ಕುಳಿತಾಗ ತಗ್ಗಿ, ಅಳತೆಗೆ ತಕ್ಕಂತೆ ನಡೆಯುವ ಈ ಉಸಿರಾಟಕ್ಕೆ ಯಜಮಾನನಾರು? ಆಮ್ಲಜನಕದ ಕೊರತೆಯೇ ನಮ್ಮನ್ನು ಉಸಿರಾಡಿಸುತ್ತದೆಂದು ಊಹಿಸುವುದು ಸಹಜ. 1905ರಲ್ಲಿ ಆಕ್ಸ್‌ಫರ್ಡಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬುವರು ಈ ಊಹೆಯನ್ನು ಪರೀಕ್ಷಿಸಿದರು. ಗಾಳಿಗೂಡುಗಳಲ್ಲಿನ ಇಂಗಾಲಾಮ್ಲವಾಯುವಿನ ಪ್ರಮಾಣ ಒಬ್ಬೊಬ್ಬನಲ್ಲಿಯೂ ಆಶ್ಚರ್ಯಕರವಾಗಿ ಸ್ಥಿರವಾಗಿರುವುದನ್ನು ಅವರು ಕಂಡರು. ಆ ಪ್ರಮಾಣ ಶೇಕಡ 0.2ರಷ್ಟು, ಎಂದರೆ ಒಂದೂವರೆ ಮಿಲಿಮೀಟರಿನಷ್ಟು, ಏರಿದರೆ ಸಾಕು. ಗೂಡುಗಳಿಗೆ ಹೋಗಿಬರುವ ಗಾಳಿ ಎರಡು ಪಟ್ಟಾಗುತ್ತದೆಂದು ಅವರು ತೋರಿಸಿದರು. ಆಮ್ಲಜನಕವು ಅಷ್ಟೇ ಪ್ರಮಾಣದಲ್ಲಿ ಇಳಿದರೆ ದೇಹ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದರ ಯಂತ್ರರಚನೆ ಇಂದು ಬಹಳಮಟ್ಟಿಗೆ ತಿಳಿದಿದೆ. ಮೆದುಳಿನ ಬುಡದಲ್ಲಿ, ಅದು ಬೆನ್ನುಹುರಿಯನ್ನು ಕೂಡುವೆಡೆಯಲ್ಲಿ, ಮೆಡುಲ ಎಂಬ ಭಾಗವಿದೆ. ವಪೆಗೂ ಪಕ್ಕೆಲುಬುಗಳ ನಡುವಣ ಸ್ನಾಯುಗಳಿಗೂ ಅಪ್ಪಣೆ ಹೊರಡುವುದು ಅಲ್ಲಿಂದ. ರಕ್ತದಲ್ಲಿ ಇಂಗಾಲಾಮ್ಲವಾಯು ಹೆಚ್ಚಿದರೆ ಅದು ಮೆದುಳಿನ ದ್ರವಕ್ಕೆ ಸುಲಭವಾಗಿ ನುಸುಳಿ, ಅಲ್ಲಿನ ಆಮ್ಲತೆಯನ್ನು ಹೆಚ್ಚಿಸುತ್ತದೆ. ಅದನ್ನು ಗುರುತಿಸುವ ಜೀವಕೋಶಗಳು ಮೆಡುಲದ ಮೇಲ್ಮೈಯಲ್ಲಿಯೇ ಇದ್ದು, ಕೂಡಲೇ ಉಸಿರನ್ನು ಹೆಚ್ಚಿಸುತ್ತವೆ. ಆಮ್ಲಜನಕಕ್ಕೂ ಒಬ್ಬ ಕಾವಲುಗಾರನಿಲ್ಲದಿಲ್ಲ. ಕುತ್ತಿಗೆಯ ಇಕ್ಕೆಲಗಳಲ್ಲಿ, ಮೆದುಳಿಗೆ ರಕ್ತವನ್ನೊಯ್ಯುವ ಅಪಧಮನಿ ಕವಲೊಡೆಯುವ ಕಡೆ, ಅಕ್ಕಿಕಾಳಿನಷ್ಟು ಚಿಕ್ಕದಾದ ಒಂದೊಂದು ಅಂಗವಿದೆ. ಈ ಕ್ಷೇತ್ರದ ಸಂಶೋಧನೆಗಾಗಿ ಬೆಲ್ಜಿಯಮಿನ ಕಾರ್ನೀಲ್ ಹೇಮನ್ಸರಿಗೆ 1938ರ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಕಾವಲುಗಾರ ಬಲವಾಗಿ ಕೂಗಿಕೊಳ್ಳುವುದು ಆಮ್ಲಜನಕದ ಒತ್ತಡ ನೂರರಿಂದ ಅರುವತ್ತಕ್ಕೆ ಇಳಿದ ಮೇಲೆಯೇ. ಕೂಗಿದರೂ, ಹೆಚ್ಚಿದ ಉಸಿರಿನಿಂದ ಇಂಗಾಲಾಮ್ಲವಾಯು ತೊಳೆದುಹೋಗಿ, ಇನ್ನೊಬ್ಬ ಕಾವಲುಗಾರ “ಎಲ್ಲವೂ ಕ್ಷೇಮ” ಎಂದು ಹೇಳಿ ಇವನ ಕೂಗನ್ನು ಅಡಗಿಸುತ್ತಾನೆ. ಉಸಿರು ಕಟ್ಟಿದಂತಾಗುವ ಆ ದುಸ್ಸಹ ಸಂಕಟವಿದೆಯಲ್ಲ, ಅದು ಹೆಚ್ಚಾಗಿ ಇಂಗಾಲಾಮ್ಲವಾಯು ಬಾರಿಸುವ ಗಂಟೆ. ಆಮ್ಲಜನಕ ಸದ್ದಿಲ್ಲದೆ ಮನೆ ಬಿಟ್ಟು ಹೋಗಬಲ್ಲದು.

ಹೋದುದರ ಸಾಕ್ಷ್ಯ ಚರಿತ್ರೆಯಲ್ಲಿದೆ. 1875ರ ಏಪ್ರಿಲ್ 15ರಂದು ಪ್ಯಾರಿಸಿನಿಂದ ಜೆನಿತ್ ಎಂಬ ಬಲೂನಿನಲ್ಲಿ ಮೂವರು ಮೇಲೇರಿದರು: ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಮತ್ತು ಗಸ್ತೋನ್ ತಿಸ್ಸಾಂದಿಯೆ. ಆಮ್ಲಜನಕದ ಒತ್ತಡವನ್ನು ಕುರಿತು ಮಹತ್ವದ ಪ್ರಯೋಗಗಳನ್ನು ಮಾಡಿದ್ದ ಪಾಲ್ ಬೆರ್ ಅವರ ಸಲಹೆಯಂತೆ ಅವರ ಬಳಿ ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳಿದ್ದುವು. ಅಗತ್ಯವೆನಿಸಿದಾಗ ಬಳಸೋಣವೆಂದು ಅವರು ಅವುಗಳನ್ನು ಕಾದಿರಿಸಿದರು. ಬಲೂನು ಸುಮಾರು 8,600 ಮೀಟರು ಎತ್ತರವನ್ನು ಮುಟ್ಟಿತು. ಅಲ್ಲಿ ಗಾಳಿಯ ಒತ್ತಡ ನೆಲದ ಮೇಲಿನದರ ಮೂರನೆಯ ಒಂದು ಪಾಲು ಮಾತ್ರ. ಚೀಲದ ನಳಿಗೆಯತ್ತ ಕೈ ಚಾಚಬೇಕೆಂದುಕೊಂಡಾಗ ಕೈ ಏಳಲಿಲ್ಲ. ಮೂವರಲ್ಲಿ ತಿಸ್ಸಾಂದಿಯೆ ಒಬ್ಬರೇ ಬದುಕಿ ಬಂದರು. ನೋವಾಗಲಿ ಸಂಕಟವಾಗಲಿ ಆಗಲಿಲ್ಲ, ಬದಲಾಗಿ ಮನಸ್ಸಿನಲ್ಲಿ ಒಂದು ಬಗೆಯ ಉಲ್ಲಾಸವೇ ತುಂಬಿತ್ತೆಂದು ಅವರು ವಿವರಿಸಿದ್ದಾರೆ. ‘ಅಗತ್ಯವೆನಿಸಿದಾಗ’ ಎಂಬ ಅವರ ಲೆಕ್ಕವೇ ತಪ್ಪಾಗಿತ್ತು. ಅಗತ್ಯ ಬಂದಾಗ ಅದು ಅನಿಸುವುದಿಲ್ಲ.

ಬಲೂನು ಏರುವ ಯೋಗ ನಮ್ಮಲ್ಲಿ ಎಲ್ಲರಿಗೂ ಬಾರದು. ಆದರೆ ಹಳ್ಳಿಯ ಪಾಳುಬಾವಿಗೆ, ಧಾನ್ಯದ ಹಗೇವಿಗೆ, ಊರ ಮಲಗುಂಡಿಗೆ ಇಳಿಯುವವರು ಇದ್ದಾರೆ. ಹಗೇವಿನಲ್ಲಿ ಮುಚ್ಚಿಟ್ಟ ರಾಗಿಯೋ ಜೋಳವೋ, ಅದರೊಳಗಿನ ಹುಳುಗಳೊಡನೆ, ತಾನೂ ಉಸಿರಾಡುತ್ತ ಆಮ್ಲಜನಕವನ್ನು ತೀರಿಸಿ ಇಂಗಾಲಾಮ್ಲವಾಯುವನ್ನು ತುಂಬುತ್ತದೆ. ಪಾಳುಬಾವಿಯಲ್ಲಿ ಕೊಳೆಯುವ ಎಲೆಕಸದಿಂದ ಅದೇ ಆಗುತ್ತದೆ. ಇಂಗಾಲಾಮ್ಲವಾಯು ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಅದು ಹಿತಮಿತವಾಗಿದ್ದಾಗ ಗಂಟೆ ಬಾರಿಸುವುದು ನಿಜ. ಆದರೆ ಶೇಕಡ ಹತ್ತನ್ನು ಮೀರಿದರೆ ಗಂಟೆ ಬಾರಿಸುವವನನ್ನೇ ಬೇಗ ಮೂರ್ಛೆಗೊಳಿಸುತ್ತದೆ. ಬಹುಕಾಲ ಮುಚ್ಚಿಟ್ಟ ಕಬ್ಬಿಣದ ತೊಟ್ಟಿಯದು ಇನ್ನೂ ಮೋಸದ ವಿಷಯ. ಅಲ್ಲಿ ತುಕ್ಕು ಹಿಡಿಯುವ ಕಬ್ಬಿಣವೇ ಆಮ್ಲಜನಕವನ್ನು ಹೀರಿಬಿಟ್ಟಿರುತ್ತದೆ. ಇಂಗಾಲಾಮ್ಲವಾಯು ಹುಟ್ಟುವುದೇ ಇಲ್ಲ. ಉಳಿಯುವುದು ಬಣ್ಣವಿಲ್ಲದ, ವಾಸನೆಯಿಲ್ಲದ, ಗಂಟೆಯನ್ನೂ ಬಾರಿಸದ ಸಾರಜನಕ.

ಇಂತಹ ಗಾಳಿಯಲ್ಲಿ ಮನುಷ್ಯನು ಎಷ್ಟು ಹೊತ್ತು ನಿಲ್ಲಬಲ್ಲನು? “ನಾನು ಒಂದು ನಿಮಿಷ ಉಸಿರು ಹಿಡಿಯಬಲ್ಲೆ, ಅಷ್ಟರಲ್ಲಿ ಹೋಗಿ ಬಂದುಬಿಡುತ್ತೇನೆ” ಎಂದು ತರುಣನೊಬ್ಬ ಲೆಕ್ಕ ಹಾಕುತ್ತಾನೆ. ಹಿಂದೆ ಹೇಳಿದ ನಿಯಮವನ್ನು ಇಲ್ಲಿ ನೆನೆಯಬೇಕು. ಉಸಿರು ಹಿಡಿದವನ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನು ಇರುತ್ತದೆ. ಆದರೆ ಅರಿಯದೆ ಒಂದು ಸಲ ಆ ಗಾಳಿಯನ್ನು ಆಳವಾಗಿ ಎಳೆದುಕೊಂಡರೆ ದಾಸ್ತಾನು ತೊಳೆದುಹೋಗುತ್ತದೆ. ಆಗ ಗೂಡಿನಲ್ಲಿನ ಒತ್ತಡ ಸೊನ್ನೆಯ ಕಡೆಗೆ, ಬರುವ ರಕ್ತದಲ್ಲಿನ ಒತ್ತಡ 40. ಇಳಿಜಾರು ತಿರುಗಿತು! ರಕ್ತವು ಆಮ್ಲಜನಕವನ್ನು ಪಡೆಯುವ ಬದಲು ಗಾಳಿಗೆ ಕೊಡುತ್ತದೆ. ಪ್ರತಿ ಉಸಿರೂ ಜೀವವನ್ನು ತುಂಬುವ ಬದಲು ಬಸಿಯುತ್ತದೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೂಗಲೂ ಅವಕಾಶವಿರುವುದಿಲ್ಲ. ಮೇಲಿನಿಂದ ನೋಡುತ್ತಿದ್ದ ಅಣ್ಣನೋ ಗೆಳೆಯನೋ ಕಾಲು ಜಾರಿತೆಂದುಕೊಂಡು ಎತ್ತಲು ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಒಬ್ಬರ ಹಿಂದೆ ಒಬ್ಬರಂತೆ ಇಳಿದವರೆಲ್ಲ ಸತ್ತರೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ಸಾಹಸದ ಕೊರತೆಯಿಂದ ಸತ್ತವರಲ್ಲ ಅವರು. ಅಪಾಯವಿದ್ದರೆ ಮೈಗೆ ಗೊತ್ತಾಗುತ್ತದೆಂದು ನಂಬಿ ಇಳಿದವರು.

ಹಗೇವನ್ನು ತೆರೆದ ಕೂಡಲೆ ಇಳಿಯಬಾರದು, ಬಾವಿಗೆ ಮೊದಲು ದೀಪವನ್ನು ಇಳಿಸಿ ನೋಡಬೇಕು ಎಂಬ ಹಿರಿಯರ ರೂಢಿಯಲ್ಲಿ ತಥ್ಯವಿದೆ. ಆಮ್ಲಜನಕ ಶೇಕಡ 16-17ಕ್ಕೆ ಇಳಿದಾಗಲೇ ಜ್ವಾಲೆ ನಂದಿಹೋಗುತ್ತದೆ. ಮನುಷ್ಯನಿಗೆ ಆಗ ಇನ್ನೂ ಪ್ರಜ್ಞೆಯಿರುತ್ತದೆ. ಆದರೆ ದೀಪ ಉರಿದ ಮಾತ್ರಕ್ಕೆ ಕ್ಷೇಮವೆನ್ನುವಂತಿಲ್ಲ. ಮಲಗುಂಡಿಯ ಹೈಡ್ರೋಜನ್ ಸಲ್ಫೈಡನ್ನು ದೀಪ ಗುರುತಿಸದು. ಅಲ್ಲಿನ ಮೀಥೇನ್ ದೀಪದಿಂದಲೇ ಸ್ಫೋಟಿಸಬಹುದು. ಹೈಡ್ರೋಜನ್ ಸಲ್ಫೈಡಂತೂ ಕೊಳೆತ ಮೊಟ್ಟೆಯ ವಾಸನೆಯಿಂದ ಮೊದಲು ಎಚ್ಚರಿಸಿ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅಡಗಿಸುತ್ತದೆ. ಅನಿಲವನ್ನು ಅಳೆಯುವ ಉಪಕರಣ, ಹೊರಗಿನಿಂದ ಗಾಳಿಯೂಡುವ ವ್ಯವಸ್ಥೆ, ಸೊಂಟಕ್ಕೆ ಹಗ್ಗ, ಮೇಲೆ ಎಳೆಯುವ ಜನ — ಇವಿಲ್ಲದೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ರಕ್ಷಣಾಸಾಧನಗಳಿಲ್ಲದೆ ಚರಂಡಿ ಮಲಗುಂಡಿಗಳಿಗೆ ಜನರನ್ನು ಇಳಿಸುವುದನ್ನು 2013ರ ಕೇಂದ್ರ ಕಾಯಿದೆ ಅಪರಾಧವೆಂದು ಸಾರಿದೆ. ಕಾಯಿದೆಯ ಹಿಂದಿರುವ ವಿಜ್ಞಾನವನ್ನು ಇಳಿಸುವವನೂ ಇಳಿಯುವವನೂ ಶಾಲೆಯಲ್ಲಿಯೇ ಕಲಿತಿದ್ದರೆ, ಆ ಕಾಯಿದೆ ಕಾಗದದಿಂದ ಎದ್ದು ಬರಲು ಅಷ್ಟರಮಟ್ಟಿಗೆ ಸಹಾಯವಾಗುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾದ ಅಪಾಯವೊಂದಿದೆ. ಬೇಸಗೆಯ ರಜೆಯಲ್ಲಿ ಬಾವಿಯಲ್ಲೋ ಕೊಳದಲ್ಲೋ ಮುಳುಗಿ, ಯಾರು ಹೆಚ್ಚು ಹೊತ್ತು ನೀರಿನೊಳಗಿರುವರೆಂದು ಪಂದ್ಯ ಕಟ್ಟುವುದು ಹುಡುಗರಿಗೆ ಪ್ರಿಯವಾದ ಆಟ. ಮುಳುಗುವ ಮುನ್ನ ಹತ್ತಾರು ಬಾರಿ ರಭಸದಿಂದ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ಇರಬಹುದೆಂದು ಅವರು ಕಂಡುಕೊಂಡಿರುತ್ತಾರೆ. ಆಮ್ಲಜನಕವನ್ನು ತುಂಬಿಕೊಂಡೆವೆಂದು ಅವರ ಭಾವನೆ. ಶೇಕಡ 97ರಷ್ಟು ತುಂಬಿದ ಹೀಮೋಗ್ಲೋಬಿನ್ನಿಗೆ ಇನ್ನೆಷ್ಟು ತುಂಬಲಾದೀತು? ಅವರು ಮಾಡಿದ್ದು ಇಂಗಾಲಾಮ್ಲವಾಯುವನ್ನು ಬರಿದು ಮಾಡಿದ್ದು. ಎಂದರೆ ಗಂಟೆಯ ನಾಲಗೆಯನ್ನು ಕಿತ್ತಿಟ್ಟಿದ್ದು. ಗಂಟೆ ಬಾರಿಸುವ ಮೊದಲೇ ಆಮ್ಲಜನಕ ತೀರಿಹೋಗುತ್ತದೆ. ಆಳದಲ್ಲಿ ನೀರಿನ ಒತ್ತಡವೂ ಮೋಸಮಾಡುತ್ತದೆ. ಐದು ಮೀಟರು ಆಳದಲ್ಲಿ ಒತ್ತಡ ಒಂದೂವರೆ ಪಟ್ಟು. ಅಲ್ಲಿ ಆಮ್ಲಜನಕದ ಒತ್ತಡ 45 ಇದ್ದರೆ ಮೇಲಕ್ಕೆ ಬರುವಷ್ಟರಲ್ಲಿ ಅದು 30ಕ್ಕೆ ಕುಸಿಯುತ್ತದೆ. ದಡ ಕೈಗೆಟಕುವಷ್ಟರಲ್ಲಿ ಮೂರ್ಛೆ. ಅಮೆರಿಕದ ಆಲ್ಬರ್ಟ್ ಕ್ರೇಗ್ ಎಂಬ ವಿಜ್ಞಾನಿ ಇಂತಹ ಪ್ರಕರಣಗಳನ್ನು ಪರಿಶೀಲಿಸಿ 1961ರಲ್ಲಿಯೇ ಎಚ್ಚರಿಕೆ ಕೊಟ್ಟರು. ಆ ಎಚ್ಚರಿಕೆ ನಮ್ಮ ಈಜುವ ಹುಡುಗರನ್ನು ಇನ್ನೂ ತಲಪಬೇಕಾಗಿದೆ.

ದೀರ್ಘಶ್ವಾಸದಿಂದ ರಕ್ತಕ್ಕೆ ಬಹಳ ಆಮ್ಲಜನಕ ಸೇರುತ್ತದೆಂಬ ಪ್ರಚಾರವನ್ನೂ ಇದೇ ಲೆಕ್ಕದಿಂದ ಅಳೆಯಬೇಕು. ಪ್ರಾಣಾಯಾಮದಿಂದ ಮನಸ್ಸಿಗೆ ಶಾಂತಿ ದೊರೆತರೆ ಸಂತೋಷವೇ. ಅದರ ಕಾರಣವನ್ನು ಬೇರೆಡೆ ಹುಡುಕಬೇಕು, ತುಂಬಿದ ಕೊಡಕ್ಕೆ ನೀರು ಹೊಯ್ಯುವುದರಲ್ಲಿ ಅಲ್ಲ. ಪರೀಕ್ಷೆಯ ಭಯದಿಂದ ಏದುಸಿರು ಬಿಡುವ ವಿದ್ಯಾರ್ಥಿಗೆ ತಲೆ ಸುತ್ತಿ ಬೆರಳು ಜೋಮು ಹಿಡಿಯುವುದೂ ಆಮ್ಲಜನಕ ಕಡಿಮೆಯಾಗಿ ಅಲ್ಲ. ಇಂಗಾಲಾಮ್ಲವಾಯು ಮಿತಿಮೀರಿ ಹೊರಹೋದಾಗ ಮೆದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ‘ಕೆಟ್ಟ ಗಾಳಿ’ ಕಡಿಮೆಯಾದುದರ ಫಲವಿದು!

2020-21ರ ಮಹಾಮಾರಿಯ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮನೆಗೂ ಬಂದಿತು. ಜಪಾನಿನ ತಾಕುವೊ ಅವೋಯಾಗಿ ಎಂಬ ಎಂಜಿನಿಯರು 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವದ ಮೇಲೆ, ಕೆಂಪು ಬೆಳಕನ್ನೂ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ಹೀಮೋಗ್ಲೋಬಿನ್ ಶೇಕಡ ಎಷ್ಟು ತುಂಬಿದೆಯೆಂದು ಹೇಳುವ ಭೌತಶಾಸ್ತ್ರದ ಸೊಗಸಾದ ಸಾಧನ ಅದು. ಆಮ್ಲಜನಕ ಬಹಳ ಇಳಿದಿದ್ದರೂ ಏದುಸಿರಿಲ್ಲದೆ ಮಾತನಾಡುತ್ತ ಕುಳಿತಿದ್ದ ರೋಗಿಗಳನ್ನು ಕಂಡು ಜನ ಬೆರಗಾದರು. ಉಸಿರಾಟದ ಯಜಮಾನನಾರೆಂದು ತಿಳಿದವರಿಗೆ ಅದು ಅಷ್ಟು ಬೆರಗಿನ ವಿಷಯವಾಗಬೇಕಿರಲಿಲ್ಲ. ಅವರ ಇಂಗಾಲಾಮ್ಲವಾಯು ಸರಾಗವಾಗಿ ಹೊರಹೋಗುತ್ತಿತ್ತು, ಗಂಟೆ ಮೊಳಗಲಿಲ್ಲ.

ಆ ಸಾಧನಕ್ಕೂ ಮಿತಿಗಳುಂಟು. ಅದು ಹೇಳುವುದು ಗಾಡಿಗಳು ಎಷ್ಟು ತುಂಬಿವೆಯೆಂಬುದನ್ನು; ಗಾಡಿಗಳು ಎಷ್ಟಿವೆಯೆಂಬುದನ್ನಲ್ಲ. ರಕ್ತಹೀನತೆಯಿಂದ ಹೀಮೋಗ್ಲೋಬಿನ್ ಅರ್ಧಕ್ಕಿಳಿದ ಹೆಣ್ಣುಮಗಳ ಬೆರಳಿನಲ್ಲಿಯೂ ಅದು 98 ಎಂದೇ ತೋರಿಸಬಹುದು. ಗಾಳಿಯಾಡದ ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದಲೋ, ಮುಚ್ಚಿದ ಕೋಣೆಯ ಇದ್ದಿಲ ಕೆಂಡದಿಂದಲೋ ಹೊರಡುವ ಕಾರ್ಬನ್ ಮಾನಾಕ್ಸೈಡು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹೀಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ಆಕ್ಸಿಮೀಟರು ಅದನ್ನೂ ಆಮ್ಲಜನಕವೆಂದೇ ಎಣಿಸುತ್ತದೆ. ಕುತ್ತಿಗೆಯ ಕಾವಲುಗಾರನೂ ಸುಮ್ಮನಿರುತ್ತಾನೆ. ಏಕೆಂದರೆ ಅವನು ನೋಡುವುದು ರಕ್ತದಲ್ಲಿ ಕರಗಿದ ಆಮ್ಲಜನಕದ ಒತ್ತಡವನ್ನು, ಹೀಮೋಗ್ಲೋಬಿನ್ನಿನ ಹೊರೆಯನ್ನಲ್ಲ. ನಿಯಮವನ್ನು ಅರಿಯದವನ ಕೈಯಲ್ಲಿ ಅಂಕಿಯೂ ಒಂದು ಮೂಢನಂಬಿಕೆಯಾಗಬಲ್ಲದು.

ಆಂಶಿಕ ಒತ್ತಡದ ಕಲ್ಪನೆ ಪ್ರೌಢಶಾಲೆಯ ಮಕ್ಕಳಿಗೆ ಭಾರವಾದೀತೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ಅಧ್ಯಾಪಕರಿಗೆ ಸಮಯ ಸಾಲದು, ಪಠ್ಯಕ್ರಮ ಉದ್ದ, ಪ್ರಯೋಗಶಾಲೆಗಳು ಬಡ. ಆದರೆ ನೀರು ತಗ್ಗಿಗೆ ಹರಿಯುವುದನ್ನು ಬಲ್ಲ ಮಗು, ಅನಿಲವೂ ಹಾಗೆಯೇ ಹರಿಯುವುದೆಂದು ಗ್ರಹಿಸಲಾರದೆ? ಸೋಡದ ಸೀಸೆಯೊಂದು, ಸುಣ್ಣದ ತಿಳಿನೀರೊಂದು, ಗಡಿಯಾರವೊಂದು ಇದ್ದರೆ ಪಾಠ ನಡೆದೀತು. ಕುಳಿತಲ್ಲಿಯೇ, ಮೊದಲು ರಭಸದ ಉಸಿರಾಟ ಮಾಡದೆ, ಸ್ವಲ್ಪ ಹೊತ್ತು ಉಸಿರನ್ನು ತಡೆದುನೋಡಲಿ; ಸಂಕಟ ಬಂದಾಗ “ಇದು ಆಮ್ಲಜನಕ ತೀರಿದ ಕೂಗಲ್ಲ, ಇಂಗಾಲಾಮ್ಲವಾಯುವಿನ ಗಂಟೆ” ಎಂದು ಅಧ್ಯಾಪಕರು ಹೇಳಲಿ. ನಾವು ಬಿಡುವ ಉಸಿರಿನಲ್ಲಿಯೂ ಶೇಕಡ 16ರಷ್ಟು ಆಮ್ಲಜನಕ ಉಳಿದಿರುತ್ತದೆಂದೂ, ಬಾಯಿಗೆ ಬಾಯಿಟ್ಟು ಊದಿ ಇನ್ನೊಬ್ಬನ ಜೀವವನ್ನು ಉಳಿಸಲು ಆ ‘ಕೆಟ್ಟ ಗಾಳಿ’ಯೇ ಸಾಕೆಂದೂ ತಿಳಿಸಲಿ. ಜೀವಶಾಸ್ತ್ರದ ಅಧ್ಯಾಪಕರೂ ಭೌತಶಾಸ್ತ್ರದ ಅಧ್ಯಾಪಕರೂ ಈ ಒಂದು ಪಾಠವನ್ನು ಕೂಡಿ ಕಲಿಸಿದರೆ ಎರಡು ಶಾಸ್ತ್ರಗಳಿಗೂ ಲಾಭ.

ಶಾಲೆ ಅದನ್ನು ಕಲಿಸುವ ತನಕ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಬಾವಿಯ ಹೂಳೆತ್ತಲು ಯಾರಾದರೂ ಹೊರಟಿದ್ದರೆ, ಗೆಳೆಯರು ನೀರಿನೊಳಗೆ ಪಂದ್ಯ ಕಟ್ಟುತ್ತಿದ್ದರೆ, “ಮೈಗೆ ಗೊತ್ತಾಗುತ್ತದೆ” ಎಂಬ ಮಾತು ಕಿವಿಗೆ ಬಿದ್ದರೆ, ಅಲ್ಲಿ ಒಂದು ಗಳಿಗೆ ನಿಂತು, ಗೊತ್ತಾಗುವುದಿಲ್ಲವೆಂದೂ ಏಕೆ ಗೊತ್ತಾಗುವುದಿಲ್ಲವೆಂದೂ ವಿವರಿಸಿ ಹೇಳಬೇಕೆಂದು ಅವರಲ್ಲಿ ನಮ್ಮ ಕೋರಿಕೆ.